ಅಷ್ಟು ಮೇಣ ಎಲ್ಲಿಗೆ ಹೋಯಿತು?

ಬಿ.ಇಡಿ ಓದುವವರನ್ನು ಪಾಠ ಮಾಡುವ ಅಭ್ಯಾಸಕ್ಕೆಂದು ಶಾಲೆಗಳಿಗೆ ಹಂಚುತ್ತಾರಲ್ಲ, ನನ್ನ ಪಾಲಿಗೆ ಬಂದದ್ದು ಒಂದು ಸರ್ಕಾರಿ ಶಾಲೆಯ ಎಂಟನೇ ತರಗತಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿದವಳಿಗೆ ದಹನದ ಪಾಠ ಯಾವ ಲೆಕ್ಕ ಎಂಬ ಜಂಬ ನನಗಿತ್ತು. ಪಾಠಯೋಜನೆ ಬರೆದುಕೊಂಡು ಹೋಗಿ, ಮೇಣದಬತ್ತಿಯ ಜ್ವಾಲೆಯ ಮೂರು ವಲಯಗಳನ್ನು ಬಣ್ಣದ ಚಾಕ್‌ಪೀಸಿನಲ್ಲಿ ಬಿಡಿಸಿ, ಪಕ್ಕದಲ್ಲೇ ಸಮೀಕರಣವನ್ನೂ ಬರೆದೆ. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಂಡರು.

ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮಿಸ್, ಕರೆಂಟ್ ಹೋದಾಗ ಹಚ್ಚಿಟ್ಟ ಮೇಣದಬತ್ತಿ ಬೆಳಗ್ಗೆ ನೋಡಿದರೆ ಇರುವುದೇ ಇಲ್ಲ, ಅಷ್ಟು ಮೇಣ ಎಲ್ಲಿಗೆ ಹೋಯಿತು ಎಂದು ಕೇಳಿದಳು. ಉರಿದು ಹೋಯಿತಮ್ಮಾ ಎಂದೆ. ಉರಿದು ಎಲ್ಲಿಗೆ ಹೋಯಿತು ಎಂದಳು. ನಾನು ಬೋರ್ಡಿನ ಮೇಲಿದ್ದ ಸಮೀಕರಣ ತೋರಿಸಿದೆ. ಅವಳು ಮತ್ತೇನೂ ಕೇಳದೆ ಕೂತುಬಿಟ್ಟಳು. ಹಿಂದೆ ಕೂತು ನೋಡುತ್ತಿದ್ದ ನಮ್ಮ ಮೇಲ್ವಿಚಾರಕರು, ನನಗೆ ವಿಷಯ ಗೊತ್ತಿದೆ, ಆದರೆ ತೋರಿಸಲು ಬರುವುದಿಲ್ಲ ಎಂದು ಬರೆದು ಹೋದರು.

ಶಿಕ್ಷಕರ ನೇಮಕಾತಿ ಪರೀಕ್ಷೆಯಲ್ಲಿ ಅದಾಗಲೇ ಒಮ್ಮೆ ಸೋತಿದ್ದೆ. ಈ ಕೆಲಸ ನನ್ನದಲ್ಲ, ಯಾವುದಾದರೂ ಔಷಧ ಕಂಪನಿಯ ಲ್ಯಾಬಿಗೆ ಅರ್ಜಿ ಹಾಕಿಬಿಡೋಣ ಎಂದು ಆ ರಾತ್ರಿ ತೀರ್ಮಾನಿಸಿದ್ದೆ. ಆದರೂ ಆ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕದೆ ಹೋಗಲು ಮನಸ್ಸು ಬರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕವನು ಮೈಕೆಲ್ ಫ್ಯಾರಡೆ. 69ನೇ ವಯಸ್ಸಿನಲ್ಲಿ ಆತ ಲಂಡನ್ನಿನ ಮಕ್ಕಳೆದುರು ನಿಂತು ಬರೀ ಮೇಣದಬತ್ತಿಯನ್ನೇ ಇಟ್ಟುಕೊಂಡು ಆರು ಉಪನ್ಯಾಸ ಕೊಟ್ಟಿದ್ದ!

ನಮಗೆಲ್ಲ ಫ್ಯಾರಡೆ ಎಂದರೆ ವಿದ್ಯುತ್ತು, ಕಾಂತ, ಭೌತಶಾಸ್ತ್ರದ ನಿಯಮಗಳು. ಆದರೆ ಆತ ಕೆಲಸಕ್ಕೆ ಸೇರಿದ್ದು ರಸಾಯನ ಪ್ರಯೋಗಾಲಯದ ಸಹಾಯಕನಾಗಿ. ಬೆಂಜೀನನ್ನು ಮೊದಲು ಬೇರ್ಪಡಿಸಿದ್ದೂ ಆತನೇ, 1825ರಲ್ಲಿ. ಇಷ್ಟೆಲ್ಲ ಮಾಡಿದವನು ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಬಡ ಕಮ್ಮಾರನ ಮನೆಯಲ್ಲಿ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಕೂಡುವ ಕಳೆಯುವ ಲೆಕ್ಕ, ಅಷ್ಟೇ. 13ನೇ ವಯಸ್ಸಿಗೆ ರಿಬೋ ಎಂಬುವರ ಪುಸ್ತಕದ ಅಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷದಿಂದ ಏಳು ವರ್ಷ ಅಲ್ಲೇ ಬುಕ್ ಬೈಂಡಿಂಗ್ ಕಲಿತ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಓದದೆ ವಾಪಸ್ ಕೊಡುತ್ತಿರಲಿಲ್ಲ.

ಹಾಗೆ ಕೈಗೆ ಬಂದ ಒಂದು ಪುಸ್ತಕ ಜೇನ್ ಮಾರ್ಸೆಟ್ ಎಂಬಾಕೆ ರಸಾಯನಶಾಸ್ತ್ರದ ಬಗ್ಗೆ ಬರೆದದ್ದು. 1806ರಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾದ ಆ ಪುಸ್ತಕವೆಲ್ಲ ಮಾತುಕತೆಯ ರೂಪದಲ್ಲೇ ಇದೆ. ಒಬ್ಬ ಶಿಕ್ಷಕಿ, ಇಬ್ಬರು ಹುಡುಗಿಯರು. ಅವರು ಕೇಳುತ್ತಾರೆ, ಆಕೆ ಪ್ರಯೋಗ ಮಾಡಿ ತೋರಿಸುತ್ತಾರೆ. ಪುಸ್ತಕದಲ್ಲಿ ಇರುವುದು ನಿಜವೇ ಎಂದು ಹುಡುಗ ಫ್ಯಾರಡೆ ತನ್ನ ಪುಡಿಗಾಸಿನಲ್ಲೇ ಸಾಮಾನು ತಂದು ಸಣ್ಣಪುಟ್ಟ ಪ್ರಯೋಗ ಮಾಡಿ ನೋಡಿದ. ನಿಜವಾಗಿಯೇ ಇತ್ತು. ಮುಂದೆ ಲೋಕಪ್ರಸಿದ್ಧನಾದ ಮೇಲೂ ಆಕೆಯನ್ನು ತನ್ನ ಮೊದಲ ಗುರುವಿನಂತೆ ನೆನೆಯುತ್ತಿದ್ದ. ಅಲ್ಲಿ ಪ್ರಶ್ನೆ ಕೇಳುವ ಹುಡುಗಿಯರಿಲ್ಲದಿದ್ದರೆ ಆ ಪುಸ್ತಕವೇ ಇರುತ್ತಿರಲಿಲ್ಲ ಎನ್ನುವುದನ್ನು ಓದಿದಾಗ ನನಗೆ ಹಿಂದಿನ ಬೆಂಚು ನೆನಪಾಯಿತು.

ಕೆಲಸ ಹುಡುಕುತ್ತಿರುವವರು ಗಮನಿಸಬೇಕಾದ ಭಾಗ ಇನ್ನು ಮುಂದಿದೆ. ಊರಿನಲ್ಲಿ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ತಲೆಗೆ ಒಂದು ಶಿಲಿಂಗ್ ಶುಲ್ಕ. ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ಆ ದುಡ್ಡು ಕೊಟ್ಟ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಡೇವಿ ಆಗ ಯುರೋಪಿನಲ್ಲೇ ಹೆಸರಾದ ರಸಾಯನ ವಿಜ್ಞಾನಿ. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ತಾನೇ ರಟ್ಟು ಹಾಕಿ, ಕೆಲಸ ಬೇಕೆಂಬ ಪತ್ರದ ಜತೆ ಡೇವಿಗೇ ಕಳಿಸಿದ. ಅದಕ್ಕೂ ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಬರೆದ ಪತ್ರಕ್ಕೆ ಉತ್ತರವೇ ಬಂದಿರಲಿಲ್ಲ. ಡೇವಿ ಕರೆಸಿ ಮಾತಾಡಿದರೂ, ಬೈಂಡಿಂಗ್ ಕೆಲಸವನ್ನೇ ಹಿಡಿದುಕೊಂಡಿರು ಎಂದು ಬುದ್ಧಿ ಹೇಳಿದ. ಕೆಲವೇ ವಾರಗಳಲ್ಲಿ ಅಲ್ಲಿನ ಲ್ಯಾಬ್ ಸಹಾಯಕ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗ ಫ್ಯಾರಡೆಗೆ ಸಿಕ್ಕಿತು. ವಾರಕ್ಕೆ 25 ಶಿಲಿಂಗ್ ಸಂಬಳ, ಕಟ್ಟಡದ ಮೇಲ್ಭಾಗದಲ್ಲಿ ಎರಡು ಕೋಣೆ.

ಬಾಟಲಿ ತೊಳೆಯುವ, ಸಲಕರಣೆ ಜೋಡಿಸುವ ಕೆಲಸ ಮಾಡುತ್ತಲೇ ಆತ ಇನ್ನೊಂದನ್ನೂ ಕಲಿಯುತ್ತಿದ್ದ. ಉಪನ್ಯಾಸಕರು ಪಾಠ ಮಾಡುವಾಗ ಕೇಳುಗರನ್ನೂ ನೋಡುತ್ತಿದ್ದ. ಯಾವ ಮಾತಿಗೆ ಅವರ ಗಮನ ಬೇರೆಡೆ ಹೋಯಿತು, ಹಿಂದೆ ಕೂತವರಿಗೆ ಮೇಜಿನ ಮೇಲಿದ್ದದ್ದು ಕಾಣಿಸಿತೇ, ಕೋಣೆಗೆ ಗಾಳಿ ಬೆಳಕು ಸಾಕೇ, ಎಷ್ಟು ಹೊತ್ತಿಗೆ ಜನಕ್ಕೆ ಬೇಸರ ಬರುತ್ತದೆ ಎಂದೆಲ್ಲ ಲೆಕ್ಕ ಹಾಕಿ ಗೆಳೆಯನಿಗೆ ಉದ್ದುದ್ದ ಪತ್ರ ಬರೆದ. ಒಂದು ಗಂಟೆಗಿಂತ ಹೆಚ್ಚು ಮಾತಾಡಬಾರದು ಎಂಬುದು ಆತನ ತೀರ್ಮಾನ. ಆಗ ಆತನಿಗೆ ಬರೀ 21 ವರ್ಷ. ತಾನೇ ಮಾತಾಡುವ ಕಾಲ ಬಂದಾಗ ದುಡ್ಡು ಕೊಟ್ಟು ಮಾತುಗಾರಿಕೆಯ ಪಾಠ ಹೇಳಿಸಿಕೊಂಡ. ಉಪನ್ಯಾಸದ ನಡುವೆ ವೇಗ ಹೆಚ್ಚಾದರೆ, ನಿಧಾನ ಎಂದು ಬರೆದ ಚೀಟಿಯನ್ನು ಸಹಾಯಕ ಎದುರಿಗಿಡಬೇಕು ಎಂಬ ಏರ್ಪಾಡು ಮಾಡಿಕೊಂಡಿದ್ದ. ಪಾಠ ಮಾಡುವುದು ಹುಟ್ಟಿನಿಂದ ಬರುವ ವರ, ನನಗದು ಇಲ್ಲ ಎಂದುಕೊಂಡಿದ್ದ ನಾನು ಈ ಸಾಲುಗಳನ್ನು ಎರಡು ಸಲ ಓದಿದೆ.

1825ರಲ್ಲಿ ಆ ಸಂಸ್ಥೆಯಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದವು. 1827ರಿಂದ ಮೊದಲ್ಗೊಂಡು ಫ್ಯಾರಡೆ 19 ವರ್ಷಗಳ ಸರಣಿಗಳನ್ನು ನಡೆಸಿಕೊಟ್ಟ. ಮೇಣದಬತ್ತಿಯ ಸರಣಿ 1848ರಲ್ಲಿ ಒಮ್ಮೆ ನಡೆದು, 1860ರ ಡಿಸೆಂಬರಿನಲ್ಲಿ ಕೊನೆಯ ಸಲಕ್ಕೆ ಮತ್ತೆ ಆರಂಭವಾಯಿತು.

ಅದರ ಕ್ರಮ ನೋಡಿ. ಸೂತ್ರದಿಂದ ಆತ ಹೊರಡುವುದಿಲ್ಲ. ಬತ್ತಿಯ ಸುತ್ತ ಮೇಣ ಏಕೆ ಬಟ್ಟಲಿನಂತೆ ಗುಳಿಯಾಗುತ್ತದೆ ಎಂದು ಕೇಳುತ್ತಾನೆ. ಉರಿಯಿಂದ ಮೇಲೇಳುವ ಗಾಳಿ ಅಂಚನ್ನು ತಂಪಾಗಿಡುವುದರಿಂದ ಅಂಚು ಕರಗುವುದಿಲ್ಲ. ಕರಗಿದ ಮೇಣ ಬತ್ತಿಯಲ್ಲಿ ಏರಿ ಆವಿಯಾಗುತ್ತದೆ. ಉರಿಯುವುದು ಆ ಆವಿ. ಜ್ವಾಲೆಯ ನಡುವಿನ ಕಪ್ಪು ಜಾಗಕ್ಕೆ ಗಾಜಿನ ಕೊಳವೆ ಇಟ್ಟು, ಆವಿಯನ್ನು ಹೊರಗೆಳೆದು, ಕೊಳವೆಯ ಇನ್ನೊಂದು ತುದಿಯಲ್ಲಿ ಹಚ್ಚಿ ತೋರಿಸುತ್ತಾನೆ. ಆಮೇಲೆ ಉರಿಯಿಂದ ಹೊರಟ ನೀರನ್ನು ಹಿಡಿಯುತ್ತಾನೆ, ಆ ನೀರಿನಿಂದ ಜಲಜನಕಕ್ಕೆ, ಅಲ್ಲಿಂದ ಆಮ್ಲಜನಕಕ್ಕೆ, ಗಾಳಿಗೆ, ಇಂಗಾಲದ ಡೈಆಕ್ಸೈಡಿಗೆ ಬರುತ್ತಾನೆ. ಆರನೆಯ ದಿನ, ನಮ್ಮ ಉಸಿರಾಟವೂ ಇಂಥದ್ದೇ ಒಂದು ನಿಧಾನದ ಉರಿ ಎಂಬಲ್ಲಿಗೆ ಮಕ್ಕಳನ್ನು ತಂದು ನಿಲ್ಲಿಸುತ್ತಾನೆ. ವಿಲಿಯಂ ಕ್ರೂಕ್ಸ್ ಸಂಪಾದಿಸಿದ ಆ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು.

ಆ ಹೊತ್ತಿಗೆ ಫ್ಯಾರಡೆಯ ನೆನಪಿನ ಶಕ್ತಿ ಬಹಳ ಕುಗ್ಗಿತ್ತು. ಸುಮಾರು ಇಪ್ಪತ್ತು ವರ್ಷಗಳಿಂದ ಆ ಕಷ್ಟ ಕಾಡುತ್ತಿತ್ತು. ಆ ಸರಣಿಯ ನಂತರ ಮಕ್ಕಳ ಉಪನ್ಯಾಸಗಳನ್ನು ಬಿಟ್ಟ. ಆದರೆ 1862ರಲ್ಲಿ ಸರ್ಕಾರ ನೇಮಿಸಿದ್ದ ಆಯೋಗದ ಮುಂದೆ ಹಾಜರಾಗಿ, ಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಲೇಬೇಕು ಎಂದು ವಾದಿಸಿದ. ಆಗ ಅಲ್ಲಿನ ದೊಡ್ಡ ಶಾಲೆಗಳಲ್ಲಿ ಗ್ರೀಕ್, ಲ್ಯಾಟಿನ್‌ಗಳದ್ದೇ ದರ್ಬಾರು. 1867ರ ಆಗಸ್ಟ್ 25ರಂದು ತೀರಿಕೊಂಡ ಫ್ಯಾರಡೆ, ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಬೇಡವೆಂದಿದ್ದವನು.

ಮರುವಾರ ನಾನು ತರಗತಿಗೆ ಒಯ್ದದ್ದು ಎರಡು ಮೇಣದಬತ್ತಿ, ಬೆಂಕಿಪೊಟ್ಟಣ, ಫ್ರಿಜ್ಜಿನಲ್ಲಿಟ್ಟಿದ್ದ ಸ್ಟೀಲ್ ಲೋಟ, ಒಂದು ಗಾಜಿನ ಭರಣಿ, ಎಲೆಯಡಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ ಬಸಿದ ತಿಳಿ. ಬತ್ತಿ ಆರಿಸಿ, ಮೇಲೆದ್ದ ಬಿಳಿ ಹೊಗೆಗೆ ಕಡ್ಡಿ ತಾಗಿಸಿದೆ. ಬೆಂಕಿ ಹೊಗೆಯ ಗುಂಟ ಕೆಳಗಿಳಿದು ಬತ್ತಿ ಮತ್ತೆ ಹೊತ್ತಿಕೊಂಡಾಗ ಇಡೀ ತರಗತಿ ಓ ಎಂದಿತು. ಅದೇ ಹುಡುಗಿಯನ್ನು ಕರೆದು ತಣ್ಣನೆಯ ಲೋಟವನ್ನು ಜ್ವಾಲೆಯ ಮೇಲೆ ಕವುಚಿ ಹಿಡಿಯಲು ಹೇಳಿದೆ. ಒಳಗೆ ಬೆರಳಾಡಿಸಿ, ಒದ್ದೆಯಾಗಿದೆ ಮಿಸ್ ಎಂದಳು. ಭರಣಿ ಮುಚ್ಚಿ ದೀಪ ಆರಿದ ಮೇಲೆ ಅದಕ್ಕೆ ಸುಣ್ಣದ ತಿಳಿ ಸುರಿದು ಕುಲುಕಿದಳು. ತಿಳಿ ಹಾಲಿನಂತಾಯಿತು. ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಮೇಣ ಇಲ್ಲೇ ಇದೆ, ನೀರಾಗಿ ಗಾಳಿಯಾಗಿ ಇದೆ ಎಂದಳು. ಆಗ ಬೋರ್ಡಿಗೆ ತಿರುಗಿ ಸಮೀಕರಣ ಬರೆದೆ. ಈ ಸಲ ನಕಲು ಮಾಡುವ ಮೊದಲು ಅವರು ಅದನ್ನು ಓದಿದರು.

ಔಷಧ ಕಂಪನಿಗೆ ಅರ್ಜಿ ಹಾಕಲಿಲ್ಲ. ನೇಮಕಾತಿ ಪರೀಕ್ಷೆಗೆ ಇನ್ನೊಮ್ಮೆ ಓದುತ್ತಿದ್ದೇನೆ. ಪಾಸಾಗುತ್ತೇನೋ ಇಲ್ಲವೋ, ಮೇಣದಬತ್ತಿಯ ಪೊಟ್ಟಣವಂತೂ ಬ್ಯಾಗಿನಲ್ಲೇ ಇದೆ.