ಮಕ್ಕಳ ಮನವರಿತ ಗುರು

ಮಕ್ಕಳನ್ನು ಒಲವಿನಿಂದ ತಿದ್ದಿದ ಗುರುವೆಂದೊಡನೆ ನಾವು ಸಂತ ಜಾನ್ ಬೋಸ್ಕೊ ಅವರನ್ನು ಸ್ಮರಿಸುತ್ತೇವೆ. ಅದೇ ಗುಣದ ಗುರುವೊಬ್ಬರು ನಮ್ಮ ಮದ್ದೂರು, ಮಂಡ್ಯಗಳ ನೆರೆಯ ರಾಮನಗರದಲ್ಲಿಯೂ ಜನಿಸಿದ್ದರು. ‘ರತ್ನನ ಪದಗಳು’ ಬರೆದ ಕವಿಯೆಂದಷ್ಟೇ ನಮ್ಮಲ್ಲಿ ಅನೇಕರು ಬಲ್ಲ ಜಿ.ಪಿ. ರಾಜರತ್ನಂ ಅವರೇ ಆ ಗುರು.

ಕನ್ನಡದಲ್ಲಿ ಎಂ.ಎ. ಪದವಿ ಪಡೆದಿದ್ದ ಅವರು ಉಪಾಧ್ಯಾಯರಾಗಿದ್ದ ತಂದೆಯವರಿಗೆ ಬದಲಾಗಿ ಕೆಲಕಾಲ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಿದರು. ಪಠ್ಯಪುಸ್ತಕದ ಪದ್ಯಗಳು ಅವರಿಗೆ ನೀರಸವೆನಿಸಿದವು. ತರಗತಿ ಗದ್ದಲವಾದಾಗ ದೋಷವನ್ನು ಮಕ್ಕಳ ಮೇಲೆ ಹೊರಿಸಿ ಬೆತ್ತ ಹಿಡಿಯುವುದು ಸುಲಭ. ನಮ್ಮಲ್ಲಿ ಬಹುಕಾಲ ನಡೆದುಬಂದದ್ದೂ ಅದೇ. ರಾಜರತ್ನಂ ಅವರಾದರೋ ಪುಸ್ತಕವನ್ನು ಬದಿಗಿರಿಸಿ, ಮಕ್ಕಳು ಕಂಡು ಮುಟ್ಟಿ ಬಲ್ಲ ತಗಡಿನ ತುತ್ತೂರಿ, ನಾಯಿಮರಿಗಳ ಮೇಲೆ ತಾವೇ ಪದ್ಯ ಕಟ್ಟಿದರು. ‘ತುತ್ತೂರಿ’ ಸಂಕಲನ ಹುಟ್ಟಿದ್ದು ಹೀಗೆ. ಮಂಡ್ಯ, ಮಳವಳ್ಳಿಯ ಕಡೆಯ ಎಷ್ಟೋ ತಲೆಮಾರುಗಳು ಆ ಪದ್ಯಗಳನ್ನು ಹಾಡುತ್ತಲೇ ಅಕ್ಷರ ಕಲಿತಿವೆ.

ಮುಂದೆ ಮೈಸೂರು, ಬೆಂಗಳೂರು, ತುಮಕೂರು, ಶಿವಮೊಗ್ಗಗಳ ಕಾಲೇಜುಗಳಲ್ಲಿ ಕನ್ನಡ ಕಲಿಸಿದರು. ಅಲ್ಲಿಯೂ ವಿದ್ಯಾರ್ಥಿಗಳಿಂದ ಬರೆಯಿಸಿದರು. ಅವರ ಎಳೆಯ ಬರಹಗಳನ್ನು ಅಚ್ಚು ಹಾಕಿಸಿದರು. ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು. ಅಧ್ಯಾಪಕರಿಗೆ ಇದು ತಕ್ಕ ಕೆಲಸವೇ ಎಂಬ ಸಂಕೋಚ ಅವರಿಗಿರಲಿಲ್ಲ. 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಮರುವರ್ಷವೇ ತೀರಿಕೊಂಡರು.