ಸೀಬೆಮರದ ಜೇಡ: ಮರಿಯಾ ಮೇರಿಯಾನಳ ಸಾಕ್ಷ್ಯ

ಮರಗಳ ಮೇಲೆ ವಾಸಿಸುವ ಟರಾಂಟುಲಾ ಜೇಡಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಅಕ್ಕರೆಯಿಂದ ಸಾಕುವವರು ಇಂದು ಯೂರೋಪು ಅಮೆರಿಕಗಳಲ್ಲಿ ಅನೇಕರಿದ್ದಾರೆ. ಅವರಿಗೆ ಪ್ರಿಯವಾದ ಒಂದು ಜೇಡಕ್ಕೆ ಮೈಯೆಲ್ಲ ಕಪ್ಪು ರೋಮ, ಪಾದದ ತುದಿಗಳು ಮಾತ್ರ ನಸುಗೆಂಪು. ಅದರ ಶಾಸ್ತ್ರೀಯ ನಾಮ ಅವಿಕ್ಯುಲೇರಿಯಾ. ಪುಟ್ಟ ಹಕ್ಕಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಜೇಡಕ್ಕೆ ಹಕ್ಕಿಯ ಹೆಸರೇಕೆ? ಉತ್ತರಕ್ಕಾಗಿ ಮರಿಯಾ ಸಿಬಿಲಾ ಮೇರಿಯಾನ್ ಎಂಬ ಚಿತ್ರಕಾರ್ತಿಯ ಬಾಳನ್ನು ನೋಡಬೇಕು.

ಆಕೆ ಹುಟ್ಟಿದ್ದು 1647ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ. ತಂದೆ ಹೆಸರಾಂತ ಕೆತ್ತನೆಗಾರ, ಪ್ರಕಾಶಕ; ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ತೀರಿಕೊಂಡ. ಹೂಗಳನ್ನು ಚಿತ್ರಿಸುತ್ತಿದ್ದ ಮಲತಂದೆ ಅವಳಿಗೆ ಕುಂಚ ಹಿಡಿಯಲು ಕಲಿಸಿದ. ಹದಿಮೂರನೆಯ ವಯಸ್ಸಿನಲ್ಲಿ ಹುಡುಗಿ ರೇಷ್ಮೆಹುಳು ಸಾಕತೊಡಗಿದಳು. ಬಳಿಕ ಸಿಕ್ಕಸಿಕ್ಕ ಕಂಬಳಿಹುಳುಗಳನ್ನೆಲ್ಲ ಸಾಕಿದಳು. ಕೀಟಗಳು ಕೊಳೆಯಿಂದ ತಾವಾಗಿಯೇ ಹುಟ್ಟುತ್ತವೆಂದು ಬಹುಜನ ನಂಬಿದ್ದ ಕಾಲವದು. ಆಕೆಯಾದರೋ ಹುಳುವಿಗೆ ಅದರದೇ ಎಲೆಯನ್ನುಣಿಸಿ, ತಾಳ್ಮೆಯಿಂದ ಕಾದು, ಮೊಟ್ಟೆ, ಹುಳು, ಕೋಶ, ಚಿಟ್ಟೆಗಳನ್ನು ಒಂದೇ ಗಿಡದ ಮೇಲೆ ಚಿತ್ರಿಸಿದಳು. ಕಂಬಳಿಹುಳುಗಳನ್ನು ಕುರಿತ ಆಕೆಯ ಮೊದಲ ಗ್ರಂಥ 1679ರಲ್ಲಿ ಹೊರಬಂತು. ಸಾಕುವುದು ಆಕೆಗೆ ವಿನೋದವಲ್ಲ, ಜ್ಞಾನದ ಮಾರ್ಗವಾಗಿತ್ತು.

ಪತಿಯಿಂದ ದೂರವಾಗಿ ಇಬ್ಬರು ಹೆಣ್ಣುಮಕ್ಕಳೊಡನೆ 1691ರಲ್ಲಿ ಆಮ್‌ಸ್ಟರ್‌ಡಾಮ್ ಸೇರಿದಳು. ಅಲ್ಲಿನ ಶ್ರೀಮಂತರ ಸಂಗ್ರಹಗಳಲ್ಲಿ ದೂರದೇಶದ ಕೀಟಗಳಿದ್ದವು. ಎಲ್ಲವೂ ಸತ್ತವು, ಅವು ಹೇಗೆ ಬೆಳೆದವೆಂಬುದನ್ನು ಹೇಳಲಾರದವು. 1699ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ, ಕಿರಿಯ ಮಗಳೊಡನೆ ದಕ್ಷಿಣ ಅಮೆರಿಕದ ಡಚ್ ವಸಾಹತಾದ ಸುರಿನಾಮಿಗೆ ಹಡಗು ಹತ್ತಿದಳು. ಅಲ್ಲಿ ಗುಲಾಮರೂ ಮೂಲನಿವಾಸಿಗಳೂ ಆಕೆಗೆ ಕೀಟಗಳನ್ನು ತಂದುಕೊಟ್ಟರು, ತಾವು ಬಲ್ಲುದನ್ನು ಹೇಳಿದರು. ಕಾಯಿಲೆ ಬಿದ್ದು 1701ರಲ್ಲಿ ಮರಳಿದಳು. 1705ರಲ್ಲಿ, ಸುರಿನಾಮಿನ ಕೀಟಗಳ ರೂಪಾಂತರವನ್ನು ಕುರಿತ ಮಹಾಗ್ರಂಥ ಅರವತ್ತು ಫಲಕಗಳೊಡನೆ ಪ್ರಕಟವಾಯಿತು.

ಅದರ ಹದಿನೆಂಟನೆಯ ಫಲಕದಲ್ಲಿ ಒಂದು ಸೀಬೆಯ ಕೊಂಬೆ. ಅದರ ಮೇಲೆ ಇರುವೆಗಳು, ಜೇಡಗಳು. ಒಂದು ಕಪ್ಪು ಜೇಡ ಹಮ್ಮಿಂಗ್ ಹಕ್ಕಿಯೊಂದನ್ನು ಗೂಡಿನ ಪಕ್ಕದಲ್ಲಿ ಕೆಡವಿಕೊಂಡು ತಿನ್ನುತ್ತಿದೆ. ಲಿನೇಯಸನು 1758ರಲ್ಲಿ ಆ ಜೇಡಕ್ಕೆ ಹಕ್ಕಿಯ ಹೆಸರಿಟ್ಟದ್ದರ ಹಿಂದೆ ಈ ಚಿತ್ರವಿದೆ.

ಆದರೆ ಮುಂದಿನ ಶತಮಾನದ ಪಂಡಿತರು ಇದು ಕಟ್ಟುಕಥೆಯೆಂದರು. ಕ್ಯೂಬಾದಲ್ಲಿದ್ದ ವಿಲಿಯಂ ಮ್ಯಾಕ್ಲೇ 1834ರಲ್ಲಿ ಇದನ್ನು ಅಲ್ಲಗಳೆದ. ಅವನು ಬಲ್ಲ ಜೇಡ ನೆಲದ ಬಿಲದಲ್ಲಿರುವಂಥದು; ಅದು ಹಕ್ಕಿಯನ್ನು ಹಿಡಿಯುವುದೆಂತು? ತರ್ಕವೇನೋ ಸರಿ, ಆದರೆ ಮೇರಿಯಾನಳ ಜೇಡ ಮರದ್ದು. ಆಕೆಯ ಚಿತ್ರದಲ್ಲಿ ದೋಷಗಳೂ ಇದ್ದವು: ಹಮ್ಮಿಂಗ್ ಹಕ್ಕಿ ಸಾಮಾನ್ಯವಾಗಿ ಎರಡು ಮೊಟ್ಟೆಯಿಡುತ್ತದೆ, ಆಕೆ ನಾಲ್ಕು ಬರೆದಿದ್ದಳು. ಕೇಳಿದ್ದೂ ಕಂಡದ್ದೂ ಅಲ್ಲಿ ಬೆರೆತಿದ್ದಿರಬೇಕು. ಕಾವ್ಯಪಾಠಗಳನ್ನು ತೂಗಿನೋಡುವುದೇ ಉದ್ಯೋಗವಾದ ನನಗೆ ಇಲ್ಲಿ ಒಂದು ಎಚ್ಚರಿಕೆ ಕಾಣುತ್ತದೆ: ಒಂದು ಅಕ್ಷರ ತಪ್ಪಿದೆಯೆಂದು ಇಡೀ ಓಲೆಯನ್ನೇ ಸುಳ್ಳೆನ್ನಬಾರದು.

ಅಮೆಜಾನ್ ತೀರದಲ್ಲಿ ಹನ್ನೊಂದು ವರ್ಷ ಅಲೆದ ಹೆನ್ರಿ ಬೇಟ್ಸ್ 1863ರ ತನ್ನ ಗ್ರಂಥದಲ್ಲಿ ಆಕೆಯ ಮಾತಿಗೆ ಬಲ ತಂದ. ಕಮೆಟಾ ಎಂಬಲ್ಲಿ ಮರದ ಬಿರುಕಿಗೆ ಹೆಣೆದಿದ್ದ ದಟ್ಟ ಬಲೆಯಲ್ಲಿ ಎರಡು ಪುಟ್ಟ ಹಕ್ಕಿಗಳು ಸಿಕ್ಕಿಬಿದ್ದಿದ್ದವು. ಒಂದು ಸತ್ತಿತ್ತು, ಇನ್ನೊಂದು ಜೇಡದ ಕೆಳಗೆ ಸಾಯುತ್ತಿತ್ತು. ಮೂಲನಿವಾಸಿಗಳ ಮಕ್ಕಳು ಇಂಥದೇ ದೈತ್ಯ ಜೇಡದ ನಡುವಿಗೆ ದಾರ ಕಟ್ಟಿ ನಾಯಿಯಂತೆ ಮನೆಯಲ್ಲೆಲ್ಲ ನಡೆಸಿದ್ದನ್ನೂ ಅವನು ಕಂಡ. ಜೇಡ ಸಾಕುವುದು ಈ ಕಾಲದ ಹುಚ್ಚೇನೂ ಅಲ್ಲ!

ಇಂದು ಸಾಕುವವರು ಪೆಟ್ಟಿಗೆಯಲ್ಲಿ ತೊಗಟೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಗಾಳಿಯಾಡುವಂತೆ ನೋಡಿಕೊಳ್ಳುತ್ತಾರೆ. ಜೇಡ ಮೇಲೇರಿ ನೂಲಿನ ಕೊಳವೆ ಕಟ್ಟಿಕೊಳ್ಳುತ್ತದೆ. ನೆಲದ ಜೇಡದಂತೆ ಇದನ್ನು ಇಟ್ಟರೆ ಬಾಳದೆಂಬುದು ಅವರ ಮೊದಲ ಪಾಠ. ಮ್ಯಾಕ್ಲೇಗೆ ಹೊಳೆಯದಿದ್ದುದು ಇದೇ.

ಮೇರಿಯಾನ್ 1717ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಬಡತನದಲ್ಲಿ ಕಣ್ಮುಚ್ಚಿದಳು. ಬೇಟ್ಸನ ಸಾಕ್ಷ್ಯ ಬರುವ ವೇಳೆಗೆ ಆಕೆ ಸತ್ತು ಸುಮಾರು ನೂರೈವತ್ತು ವರ್ಷ ಸಂದಿತ್ತು. ಜೀವಿಯನ್ನು ಅದು ಬಾಳುವ ಕೊಂಬೆಯ ಮೇಲೆಯೇ ನೋಡಬೇಕೆಂದು ಕಡಲು ದಾಟಿದವಳ ಮಾತನ್ನು, ಕೊನೆಗೆ ಆ ಕೊಂಬೆಯೇ ಉಳಿಸಿಕೊಟ್ಟಿತು.