ಮೃತರ ಬೀದಿಯಲ್ಲಿ ಜೀವಂತ ಜನರನ್ನು ಕಂಡ ಗಾಮಿಯೋ

ಮೆಕ್ಸಿಕೋ ನಗರದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ತೆಯೋತಿವಾಕಾನ್ ಎಂಬ ಪುರಾತನ ನಗರದ ಅವಶೇಷಗಳಿವೆ. ಚಂದ್ರ ಪಿರಮಿಡ್ಡಿನ ಬುಡದಿಂದ ಹೊರಡುವ ವಿಶಾಲವಾದ ರಾಜಬೀದಿಯೊಂದು ನೇರವಾಗಿ ದಕ್ಷಿಣಕ್ಕೆ ಸಾಗುತ್ತದೆ. ಯಾತ್ರಿಕನ ಎಡಗಡೆ ಸುಮಾರು 65 ಮೀಟರ್ ಎತ್ತರದ ಸೂರ್ಯ ಪಿರಮಿಡ್. ಇಕ್ಕೆಲಗಳಲ್ಲೂ ಕಲ್ಲಿನ ಜಗಲಿಗಳ ಸಾಲು. ನಗರವು ಹಾಳಾಗಿ ಶತಮಾನಗಳು ಕಳೆದ ಮೇಲೆ ಅಲ್ಲಿಗೆ ಬಂದ ಆಜ್ಟೆಕರು ಈ ಜಗಲಿಗಳನ್ನು ಗೋರಿಗಳೆಂದು ಬಗೆದು, ಇದನ್ನು ಮೃತರ ಬೀದಿ ಎಂದು ಕರೆದರು. ವಾಸ್ತವದಲ್ಲಿ ಅವು ದೇವಾಲಯಗಳ ಪೀಠಗಳು.

ಈ ಬೀದಿಯ ಚರಿತ್ರೆಯೊಂದಿಗೆ ಮಾನ್ವೆಲ್ ಗಾಮಿಯೋ ಅವರ ಹೆಸರು ಬೆರೆತುಹೋಗಿದೆ. 1883ರಲ್ಲಿ ಮೆಕ್ಸಿಕೋ ನಗರದಲ್ಲಿ ಜನಿಸಿದ ಗಾಮಿಯೋ, ತಾರುಣ್ಯದಲ್ಲಿ ತಮ್ಮ ಮನೆತನದ ಜಮೀನಿನಲ್ಲಿ ವಾಸವಾಗಿದ್ದಾಗ ಅಲ್ಲಿನ ಮೂಲನಿವಾಸಿಗಳ ನಾಹುವಾಟ್ಲ್ ಭಾಷೆಯನ್ನು ಕಲಿತರು. ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಜ್ ಬೋವಾಸರ ಶಿಷ್ಯರಾದರು. ನೆಲವನ್ನು ಪದರ ಪದರವಾಗಿ ಅಗೆದು ಕಾಲವನ್ನು ನಿರ್ಣಯಿಸುವ ಪದ್ಧತಿಯನ್ನು ಮೆಕ್ಸಿಕೋದಲ್ಲಿ ಮೊದಲಾಗಿ ಬಳಸಿದವರಲ್ಲಿ ಅವರೊಬ್ಬರು.

1917ರಲ್ಲಿ ಸರಕಾರದ ಮಾನವಶಾಸ್ತ್ರ ಇಲಾಖೆಯ ಮುಖ್ಯಸ್ಥರಾಗಿ ಅವರು ತೆಯೋತಿವಾಕಾನ್ ಕಣಿವೆಯ ಅಧ್ಯಯನಕ್ಕೆ ಕೈಹಾಕಿದರು. ಬೀದಿಯ ಬದಿಯಲ್ಲೇ ಇರುವ ವಿಶಾಲ ಅಂಗಣದಲ್ಲಿ, ಮಣ್ಣು ಕಲ್ಲುಗಳಡಿ ಹುದುಗಿದ್ದ ಗರಿಗಳುಳ್ಳ ಸರ್ಪದೇವತೆಯ ದೇಗುಲ ಬೆಳಕಿಗೆ ಬಂತು. ಆದರೆ ಗಾಮಿಯೋ ಅವರ ನಿಜವಾದ ಹಿರಿಮೆ ಇರುವುದು ಬೇರೊಂದೆಡೆ. ಪಿರಮಿಡ್ಡುಗಳನ್ನು ಕಾಣಬಂದವರ ಕಣ್ಣಿಗೆ ಬೀಳದಿದ್ದ ಸುತ್ತಲಿನ ಬಡ ರೈತರನ್ನೂ ಅವರು ಅಧ್ಯಯನಕ್ಕೆ ಒಳಪಡಿಸಿದರು. ಅವರ ಆಹಾರ, ರೋಗರುಜಿನ, ಭೂಮಿ, ಭಾಷೆ, ನಂಬಿಕೆ ಎಲ್ಲವೂ 1922ರಲ್ಲಿ ಪ್ರಕಟವಾದ ಬೃಹದ್ಗ್ರಂಥದಲ್ಲಿ ಸೇರಿದವು. ಸತ್ತವರ ಕಲ್ಲುಗಳನ್ನು ಪೂಜಿಸಿ ಬದುಕಿರುವ ಮಕ್ಕಳನ್ನು ಮರೆಯುವುದು ಸಲ್ಲದೆಂಬುದೇ ಅವರ ಕೆಲಸದ ಸಾರವೆಂದು ನಾವು ತಿಳಿಯುತ್ತೇವೆ.

1925ರಲ್ಲಿ ಶಿಕ್ಷಣ ಖಾತೆಯ ಉಪಮಂತ್ರಿಯಾಗಿದ್ದಾಗ ಭ್ರಷ್ಟಾಚಾರವನ್ನು ಬಯಲಿಗೆಳೆದು, ಅವರು ಸ್ಥಾನವನ್ನು ಕಳೆದುಕೊಂಡರು. ಬಳಿಕ ಅಮೆರಿಕಕ್ಕೆ ಹೋಗಿ, ಅಲ್ಲಿಗೆ ವಲಸೆ ಬಂದ ಮೆಕ್ಸಿಕನ್ ಕೂಲಿಗಾರರ ಬಾಳನ್ನು ಅಭ್ಯಸಿಸಿದರು. 1942ರಿಂದ 1960ರಲ್ಲಿ ನಿಧನರಾಗುವವರೆಗೂ ಅಮೆರಿಕ ಖಂಡಗಳ ಮೂಲನಿವಾಸಿಗಳಿಗಾಗಿ ಸ್ಥಾಪಿತವಾದ ಸಂಸ್ಥೆಯ ನಿರ್ದೇಶಕರಾಗಿದ್ದರು.

ಇಷ್ಟಾದರೂ ಅವರ ವಿಚಾರಗಳೆಲ್ಲವನ್ನೂ ನಾವು ಒಪ್ಪಲಾರೆವು. 1916ರ ತಮ್ಮ ಗ್ರಂಥದಲ್ಲಿ ಅವರು ಎಲ್ಲ ಜನಾಂಗಗಳೂ ಬೆರೆತು, ಒಂದೇ ಭಾಷೆಯನ್ನಾಡುವ ಒಂದೇ ರಾಷ್ಟ್ರವಾಗಬೇಕೆಂದು ಬಯಸಿದ್ದರು. ತಾವು ಕಲಿತು ಆಡಿದ ಭಾಷೆಗೂ ಆ ಕನಸಿನಲ್ಲಿ ಭದ್ರವಾದ ನೆಲೆಯಿರಲಿಲ್ಲ. ಕಾಲ ಬೇರೆ ತೀರ್ಪನ್ನು ನೀಡಿತು. 2003ರಲ್ಲಿ ಮೆಕ್ಸಿಕೋ ಕಾನೂನು ಮಾಡಿ ಮೂಲನಿವಾಸಿಗಳ ಭಾಷೆಗಳನ್ನೂ ರಾಷ್ಟ್ರಭಾಷೆಗಳೆಂದು ಅಂಗೀಕರಿಸಿತು. ನಾಹುವಾಟ್ಲ್ ಆಡುವವರು ಇಂದು 15 ಲಕ್ಷಕ್ಕೂ ಅಧಿಕ.

ಆ ಮಹಾಬೀದಿಯನ್ನು ಕಟ್ಟಿದವರು ಆಡುತ್ತಿದ್ದ ಮಾತು ಯಾವುದೆಂದು ಹೇಳಬಲ್ಲವರು ಇಂದು ಯಾರೂ ಇಲ್ಲ. ಕಲ್ಲು ಉಳಿದರೂ ನುಡಿ ಅಳಿಯಬಹುದು. ಮನೆಮಾತನ್ನು ಜತನದಿಂದ ಕಾಯ್ದುಕೊಂಡಿರುವ ನಮ್ಮಂಥವರು ಮರೆಯಬಾರದ ಪಾಠವಿದು.